ಕಬಿನಿ ಗ್ರಾಫ್‌ನ ಸ್ಕ್ರೀನ್‌ಶಾಟ್ ಬಂತೇ? ಫಾರ್ವರ್ಡ್ ಮಾಡುವ ಮೊದಲು ಅಸಲಿ ಗ್ರಾಫನ್ನು ಎಳೆದು ನೋಡಿ

ಮಳೆಗಾಲ ಬಂದರೆ ಹ್ಯಾಂಡ್‌ಪೋಸ್ಟ್, ಸರಗೂರು, ನಂಜನಗೂಡು ಕಡೆ ಕಬಿನಿ ಅಣೆಕಟ್ಟೆಯದ್ದೇ ಮಾತು. ನೀರಿನ ಮಟ್ಟದ ಗ್ರಾಫ್ ಮೊಬೈಲಿಗೆ ಬರುತ್ತದೆ. ಗೆರೆ ಕಡಿದಾಗಿ ಇಳಿದಿದ್ದರೆ 'ಡ್ಯಾಂ ಖಾಲಿ', ಏರಿದ್ದರೆ 'ಪ್ರವಾಹ ಬಂತು'. ಭತ್ತ ನಾಟಿ ಮಾಡಬೇಕೋ ಬೇಡವೋ, ಹೊಳೆದಂಡೆಯ ದನಕರು ಸಾಗಿಸಬೇಕೋ ಬೇಡವೋ ಎಂದು ಯೋಚಿಸುವವರಿಗೆ ಇದು ಸಣ್ಣ ವಿಷಯವಲ್ಲ. ಹಾಗಾದರೆ ಆ ಗೆರೆಯನ್ನು ನಂಬಬಹುದೇ?

ಎಳೆದಾಗ ಏನಾಗುತ್ತದೆ?

ಗ್ರಾಫ್ ಒಂದು ಉದ್ದನೆಯ ಪಟ್ಟಿ, ಮೊಬೈಲ್ ಪರದೆ ಅದರ ಮೇಲಿಟ್ಟ ಕಿಟಕಿ ಎಂದುಕೊಳ್ಳೋಣ. ಎರಡು ಬೆರಳಿನಿಂದ ಜೂಮ್ ಮಾಡಿದರೆ ಕಿಟಕಿಗೆ ಕಾಣುವ ದಿನಗಳು ಕಡಿಮೆಯಾಗುತ್ತವೆ. ಒಂದು ಬೆರಳಿನಿಂದ ಎಳೆದರೆ ದಿನಗಳ ಸಂಖ್ಯೆ ಬದಲಾಗದೆ ಕಿಟಕಿ ಮಾತ್ರ ಸರಿಯುತ್ತದೆ. ಪರದೆಯ ಅಗಲದಲ್ಲಿ 30 ದಿನ ಕಾಣುತ್ತಿದ್ದರೆ, ಅಗಲದ ಮೂರನೇ ಒಂದು ಭಾಗ ಬಲಕ್ಕೆ ಎಳೆದಾಗ 10 ದಿನ ಹಿಂದಕ್ಕೆ ಹೋಗುತ್ತೇವೆ. 3 ದಿನಕ್ಕೆ ಜೂಮ್ ಮಾಡಿದ್ದರೆ ಅಷ್ಟೇ ಎಳೆತಕ್ಕೆ ಒಂದೇ ದಿನ.

ಜೂಮ್ ಮಾತ್ರ ಇದ್ದು ಎಳೆಯುವ ಸೌಲಭ್ಯ ಇಲ್ಲದಿದ್ದರೆ ಅಕ್ಕಪಕ್ಕದ ದಿನಗಳು ಸುಲಭವಾಗಿ ಸಿಗುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಂತೂ ಕಿಟಕಿ ಅಲ್ಲೇ ಜಡಿದುಹೋಗಿರುತ್ತದೆ.

ಮೋಸ ಎಲ್ಲಿದೆ?

ಕಬಿನಿಯ ಗರಿಷ್ಠ ಮಟ್ಟ 2284 ಅಡಿ. ಇದು ಆಳವಲ್ಲ, ಸಮುದ್ರ ಮಟ್ಟದಿಂದ ಅಳೆದ ಎತ್ತರ. ಗ್ರಾಫ್‌ನ ಎಡಬದಿ 2280ರಿಂದ 2284ರವರೆಗೆ ಮಾತ್ರ ಇದ್ದರೆ, ನೀರು 2 ಅಡಿ ಇಳಿದರೂ ಗೆರೆ ಅರ್ಧಕ್ಕೆ ಕುಸಿದಂತೆ ಕಾಣುತ್ತದೆ. ಹಾಗೆಂದು ಡ್ಯಾಂ ಅರ್ಧ ಖಾಲಿಯಾಗಿಲ್ಲ. ಅದೇ ಗ್ರಾಫ್ ಸೊನ್ನೆಯಿಂದ ಶುರುವಾದರೆ ಆ 2 ಅಡಿ ಕಣ್ಣಿಗೇ ಬೀಳುವುದಿಲ್ಲ, ಅದೂ ದಾರಿ ತಪ್ಪಿಸುತ್ತದೆ. ಕೆಲವು ಗ್ರಾಫ್‌ಗಳಲ್ಲಿ ನಾವು ಎಳೆದಂತೆಲ್ಲ ಎಡಬದಿಯ ಅಂಕಿಗಳು ತಾವಾಗಿಯೇ ಬದಲಾಗುತ್ತವೆ, ಎಚ್ಚರ.

ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಆದ್ದರಿಂದ ಕಬಿನಿ ದೊಡ್ಡದು ಎನ್ನುವುದೂ ತಪ್ಪು, ಎರಡರ ಅಳತೆಯ ಆರಂಭ ಬೇರೆ ಬೇರೆ. ಸಾಮರ್ಥ್ಯ ನೋಡಿದರೆ ಕೆಆರ್‌ಎಸ್ 49.45 ಟಿಎಂಸಿ, ಕಬಿನಿ 19.52 ಟಿಎಂಸಿ.

ಏನು ಮಾಡಬೇಕು?

• ಎಡಬದಿಯ ಅಂಕಿ, ಕೆಳಗಿನ ದಿನಾಂಕ ಎರಡನ್ನೂ ಓದಿ.
• ಅಸಲಿ ಗ್ರಾಫ್ ಸಿಕ್ಕರೆ ಹಿಂದಕ್ಕೆ ಎಳೆದು, ಹೋದ ವರ್ಷ ಇದೇ ತಿಂಗಳು ಹೇಗಿತ್ತು ನೋಡಿ.
• ಹೊಳೆದಂಡೆಯವರಿಗೆ ಮಟ್ಟಕ್ಕಿಂತ ಹೊರಹರಿವು ಮುಖ್ಯ. ವಯನಾಡಿನಲ್ಲಿ ಮಳೆ ಜೋರಾದರೆ ಒಳಹರಿವು ಬೇಗ ಏರುತ್ತದೆ, ತುಂಬಿದ ಡ್ಯಾಂನಿಂದ ನೀರು ಬಿಡಲೇಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಜಿಲ್ಲಾಡಳಿತದ ಸೂಚನೆಯನ್ನೇ ಪಾಲಿಸಿ.

ದಿನಾಂಕವೂ ಇಲ್ಲ, ಅಂಕಿಯೂ ಇಲ್ಲ, ಬರೀ ಗೆರೆ ಇದೆಯೇ? ಅದನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಿದವರನ್ನೇ ಕೇಳಿ: 'ಇದು ಯಾವತ್ತಿಂದು?'