ಗಂಟಲಮಾರಿಯ ವಿಷವನ್ನು ಹೊರಗೇ ತಡೆಯಬೇಕು

ಎದೆಗೂಸಿನ ಲಸಿಕೆಯ ಬಗ್ಗೆ ಇರುವ ಕಾಳಜಿ ಮಗು ಶಾಲೆಗೆ ಹೋಗುವ ಹೊತ್ತಿಗೆ ತಗ್ಗುತ್ತದೆ. ಗಂಟಲಮಾರಿ (ಡಿಫ್ತೀರಿಯಾ) ತಡೆಯಲು ಐದಾರು ವರ್ಷಕ್ಕೆ ಹಾಕಿಸಬೇಕಾದ ಡಿಪಿಟಿ, 10 ಮತ್ತು 16ನೇ ವಯಸ್ಸಿನ ಟಿಡಿ ಸುಲಭವಾಗಿ ಮರೆತುಹೋಗುತ್ತವೆ. ಚಿಂಚೋಳಿ, ಸೇಡಂ ಕಡೆಯಿಂದ ಮುಂಬೈ, ಪುಣೆಗೆ ಗುಳೆ ಹೋಗುವವರ ಮಕ್ಕಳಿಗೂ, ವಾಡಿ, ಶಹಾಬಾದ್‌ನ ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳ ಕೆಲಸಕ್ಕೆ ಹೊರಗಿನಿಂದ ಬಂದವರ ಮಕ್ಕಳಿಗೂ ಇವು ತಪ್ಪುವ ಸಂಭವ ಇನ್ನೂ ಹೆಚ್ಚು. ಇದು ಸಣ್ಣ ಲೋಪವಲ್ಲ ಎನ್ನಲು ಗಂಟಲಮಾರಿಯ ವಿಷ ಜೀವಕೋಶದೊಳಗೆ ನುಗ್ಗುವ ಬಗೆಯೇ ಸಾಕ್ಷಿ.

ಗಂಟಲಮಾರಿ ತರುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಗಂಟಲು ಬಿಟ್ಟು ಕದಲುವುದಿಲ್ಲ. ಹೃದಯ, ನರಗಳನ್ನು ಕೆಡಿಸುವುದು ಅದು ರಕ್ತಕ್ಕೆ ಬಿಡುವ ವಿಷ. 1888ರಲ್ಲೇ ಪ್ಯಾರಿಸ್‌ನ ವಿಜ್ಞಾನಿಗಳಾದ ರೂ ಮತ್ತು ಯೆರ್ಸಿನ್, ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಮೇಲೂ ಉಳಿದ ದ್ರವ ಪ್ರಾಣಿಗಳನ್ನು ಕೊಲ್ಲುತ್ತದೆಂದು ತೋರಿಸಿದ್ದರು. ವಿಷವೆಂದರೆ ಒಂದು ಪ್ರೋಟೀನು. ರಕ್ತದಲ್ಲಿರುವಾಗ ಅದರ ಮೇಲ್ಮೈ ನೀರಿಗೆ ಒಗ್ಗಿಕೊಂಡಿರುತ್ತದೆ, ಜಿಡ್ಡಿನಂಥ ಭಾಗಗಳು ಒಳಗೆ ಮಡಚಿಕೊಂಡಿರುತ್ತವೆ. ಅದರ ಒಂದು ತುದಿ ಮನುಷ್ಯನ ಜೀವಕೋಶದ ಹೊರಮೈಯ ಒಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಇಲಿಯಲ್ಲಿ ಆ ಪ್ರೋಟೀನು ಚೂರು ಬೇರೆ. ಹಾಗಾಗಿ ವಿಷ ಅಂಟುವುದಿಲ್ಲ, ಇಲಿಗೆ ಬಾಧೆಯೂ ಇಲ್ಲ! ಅಂಟಿದ ವಿಷವನ್ನು ಜೀವಕೋಶ ಪುಟ್ಟ ಚೀಲದಲ್ಲಿ ಒಳಗೆಳೆದು, ಚೀಲವನ್ನು ಆಮ್ಲೀಯಗೊಳಿಸುತ್ತದೆ. ಬೇರೆ ಎಷ್ಟೋ ಪ್ರೋಟೀನುಗಳನ್ನು ಅರಗಿಸಲು ನೆರವಾಗುವ ಆ ಹುಳಿಯೇ ಇದಕ್ಕೆ ಅನುಕೂಲ. ವಿಷದ ಮೇಲ್ಮೈಯ ವಿದ್ಯುದಂಶ ಬದಲಾಗಿ, ಅಡಗಿದ್ದ ಜಿಡ್ಡಿನ ಭಾಗ ಹೊರಬಂದು ಚೀಲದ ಪೊರೆಯೊಳಗೆ ನಾಟುತ್ತದೆ. ಕೊಲ್ಲುವ ತುಂಡು ಆ ದಾರಿಯಲ್ಲಿ ಒಳಗೆ ಜಾರಿ ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುತ್ತದೆ. ಒಂದೇ ಒಂದು ಅಣು ಒಂದು ಜೀವಕೋಶವನ್ನು ಕೊಲ್ಲಬಲ್ಲದೆಂದು ಜಪಾನಿನ ವಿಜ್ಞಾನಿಗಳು 1978ರಲ್ಲಿ ಕಂಡುಕೊಂಡರು.

ಪ್ರತಿವಿಷವಿದೆಯಲ್ಲ, ಕಾಯಿಲೆ ಬಂದಾಗ ಕೊಡಿಸಿದರಾಯಿತು ಎನ್ನುವವರಿದ್ದಾರೆ. ಕುದುರೆಯ ರಕ್ತದಿಂದ ತೆಗೆದ ಆ ಔಷಧಿ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಮಾತ್ರ ಹಿಡಿಯುತ್ತದೆ, ಒಳಹೊಕ್ಕದ್ದನ್ನು ಮುಟ್ಟಲಾರದು. ಆಂಟಿಬಯೊಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ಆಗಲೇ ಬಿಡುಗಡೆಯಾದ ವಿಷವನ್ನಲ್ಲ. ಒಮ್ಮೆ ಕಾಯಿಲೆ ಬಂದು ಹೋದರೆ ಅದನ್ನು ತಡೆಯುವ ಶಕ್ತಿ ತಾನಾಗಿ ಬರುತ್ತದೆಂಬ ವಾದವೂ ನಿಲ್ಲದು. ಗುಣವಾದವರಿಗೂ ವೈದ್ಯರು ಲಸಿಕೆ ಹಾಕುತ್ತಾರೆ. ಫ್ರಾನ್ಸಿನ ವಿಜ್ಞಾನಿ ರಮೋನ್ 1920ರ ದಶಕದಲ್ಲಿ ಕಂಡುಹಿಡಿದ ಲಸಿಕೆಯ ಜಾಣತನ ಬೇರೆಯೇ ಬಗೆಯದು: ಫಾರ್ಮಲಿನ್ ಬೆರೆಸಿ ಬೆಚ್ಚಗಿಟ್ಟರೆ ವಿಷದ ಕೇಡು ಹೋಗುತ್ತದೆ, ಮೇಲ್ಮೈಯ ಗುರುತು ಉಳಿಯುತ್ತದೆ. ಆ ಗುರುತು ಕಲಿತ ದೇಹ, ನಿಜವಾದ ವಿಷ ಬಂದಾಗ ಜೀವಕೋಶಕ್ಕೆ ಅಂಟುವ ಮೊದಲೇ ಹಿಡಿಯುತ್ತದೆ. ಆದರೆ ವರ್ಷ ಕಳೆದಂತೆ ರಕ್ತದಲ್ಲಿನ ಪ್ರತಿಕಾಯ ಇಳಿಯುತ್ತದೆ. ಮರುಡೋಸು ಬೇಕಾಗುವುದು ಅದಕ್ಕೇ.

ಈ ಕಾಯಿಲೆ ಈಗೆಲ್ಲಿದೆ ಎಂದು ಕೇಳಬಹುದು. ಉತ್ತರ ಕರ್ನಾಟಕದಲ್ಲಿ 2010ರ ನಂತರವೂ ಪ್ರಕರಣಗಳು ದಾಖಲಾಗಿವೆ. ಆದ್ದರಿಂದ ಗುಳೆ ಹೊರಡುವ ತಿಂಗಳಿಗೆ ಮುಂಚೆಯೇ ಆರೋಗ್ಯ ಇಲಾಖೆ ತಾಂಡಾಗಳಲ್ಲಿ, ಗಣಿ ಬದಿಯ ವಸತಿಗಳಲ್ಲಿ ಐದು ದಾಟಿದ ಮಕ್ಕಳ ಪಟ್ಟಿ ಮಾಡಲಿ. ಹೆತ್ತವರು ತಾಯಿ ಕಾರ್ಡನ್ನು ಜತೆಗೇ ಒಯ್ಯಲಿ. ಟಿಡಿ ದೇಶದ ಯಾವುದೇ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಉಚಿತ.