ಉಪಕಾರಕ್ಕೆ ಪಶ್ಚಾತ್ತಾಪವೇ?

2023ನೆಯ ಇಸವಿ ಫೆಬ್ರವರಿ 6ನೆಯ ತಾರೀಖಿನ ನಸುಕಿನಲ್ಲಿ ತುರ್ಕಸ್ಥಾನದ ದಕ್ಷಿಣ ಪ್ರಾಂತಗಳನ್ನೂ ಸಿರಿಯಾದ ಉತ್ತರಭಾಗವನ್ನೂ ಧ್ವಂಸಮಾಡಿದ ಭೂಕಂಪವನ್ನು ವಾಚಕರು ಮರೆತಿರಲಾರರು. ಮಲಗಿದ್ದವರು ಮಲಗಿದ್ದಲ್ಲಿಯೇ ಹೂತುಹೋದರು. ಬಿರುಕುಬಿಟ್ಟು ನಿಂತಿದ್ದ ಗೋಡೆಗಳನ್ನು ಅದೇ ಮಧ್ಯಾಹ್ನದ ಎರಡನೆಯ ಕಂಪನವು ಕೆಡವಿತು. ಎರಡೂ ದೇಶಗಳಲ್ಲಿ ಮಡಿದವರ ಸಂಖ್ಯೆಯು 55 ಸಾವಿರವನ್ನು ಮೀರಿತು.

ಆ ಸಮಯದಲ್ಲಿ ನಮ್ಮ ದೇಶವು ಕರ್ತವ್ಯಕ್ಕೆ ಹಿಂಜರಿಯಲಿಲ್ಲ. ‘ಆಪರೇಷನ್ ದೋಸ್ತ್’ ಎಂಬ ಹೆಸರಿನಿಂದ ಹೊರಟ ಎನ್‌ಡಿಆರ್‌ಎಫ್ ಪಡೆಯ ಸುಮಾರು 150 ಮಂದಿ ಸ್ತ್ರೀಪುರುಷರು, ಶಿಕ್ಷಿತ ಶ್ವಾನಗಳೊಡನೆ, ಕೊರೆಯುವ ಚಳಿಯಲ್ಲಿ ಹಗಲಿರುಳೂ ದುಡಿದರು. ನೂರ್‌ದಾಗಿ ಎಂಬ ಊರಿನ ಭಗ್ನಾವಶೇಷಗಳಡಿಯಿಂದ ಆರು ವರ್ಷದ ಬಾಲಿಕೆಯೊಬ್ಬಳನ್ನು ಜೀವಸಹಿತ ಹೊರತೆಗೆದರು. ಇಸ್ಕೆಂದೆರುನ್ ಪಟ್ಟಣದಲ್ಲಿ ನಮ್ಮ ಸೈನ್ಯದ ವೈದ್ಯರು 30 ಹಾಸಿಗೆಗಳ ಆಸ್ಪತ್ರೆಯನ್ನು ತೆರೆದು ಸಾವಿರಾರು ಗಾಯಾಳುಗಳನ್ನು ಉಪಚರಿಸಿದರು. ಸಿರಿಯಾಕ್ಕೂ ನಮ್ಮ ವಿಮಾನಗಳು ಔಷಧಗಳನ್ನು ಒಯ್ದವು.

ಆದರೆ 2025ರ ಮೇ ತಿಂಗಳಿನಲ್ಲಿ ಭಾರತ-ಪಾಕಿಸ್ತಾನಗಳಿಗೆ ಘರ್ಷಣೆಯಾದಾಗ ತುರ್ಕಸ್ಥಾನದ ಸರಕಾರವು ಪಾಕಿಸ್ತಾನದ ಪಕ್ಷವನ್ನು ವಹಿಸಿತು. ಅಂದಿನಿಂದ, ಹಾವಿಗೆ ಹಾಲೆರೆದಂತಾಯಿತೆಂಬ ಮಾತು ನಮ್ಮವರಲ್ಲಿ ಹಬ್ಬಿದೆ. ಆ ಸರಕಾರದ ನಡತೆಯಿಂದ ಜನರು ನೊಂದುದು ಸಹಜ, ನಾವೂ ನೊಂದಿದ್ದೇವೆ. ವ್ಯಾಪಾರವನ್ನು ಯಾರೊಡನೆ ನಡೆಯಿಸಬೇಕು, ಯಾರೊಡನೆ ಕೂಡದು ಎಂಬುದನ್ನು ನಿರ್ಣಯಿಸಲು ರಾಷ್ಟ್ರವು ಸ್ವತಂತ್ರವಾಗಿದೆ. ಆದರೆ ಮಾಡಿದ ಉಪಕಾರಕ್ಕೆ ಪಶ್ಚಾತ್ತಾಪಪಡುವುದು ಮಾತ್ರ ನಮಗೆ ಸಮ್ಮತವಲ್ಲ. ಕಲ್ಲುಮಣ್ಣಿನಡಿಯಲ್ಲಿ ಸಿಕ್ಕಿದ್ದ ಆ ಮಗುವು ಯಾವ ರಾಜ್ಯತಂತ್ರವನ್ನು ರಚಿಸಿತ್ತು? ಅದನ್ನು ಎತ್ತಿದ ಕೈಗಳು ವ್ಯರ್ಥವಾಗಿ ದುಡಿದುವೆನ್ನುವುದು ನಮ್ಮ ರಕ್ಷಕರಿಗೇ ಮಾಡುವ ಅಪಮಾನವಲ್ಲವೇ?

ಭೂಕಂಪವು ಗಡಿಗಳನ್ನು ಅರಿಯದು. 2001ರ ಗಣರಾಜ್ಯೋತ್ಸವದ ದಿನ ನಮ್ಮ ಕಚ್ಛಪ್ರಾಂತವು ಕುಸಿದಾಗ ಪರದೇಶಗಳ ರಕ್ಷಕರು ಓಡಿಬಂದರು. ಪಾಕಿಸ್ತಾನದಿಂದಲೇ ಗುಡಾರ ಕಂಬಳಿಗಳು ವಿಮಾನದಲ್ಲಿ ಬಂದಿಳಿದವು. 2005ರಲ್ಲಿ ಅವರ ನೆಲವು ನಡುಗಿದಾಗ ನಾವೂ ನೆರವನ್ನು ಕಳುಹಿದೆವು. ಉಭಯರಲ್ಲಿ ಯಾರೂ ಇದರಿಂದ ಸಣ್ಣವರಾಗಲಿಲ್ಲ.

ಅಲ್ಲಿಯ ಜನರಲ್ಲಿಯೂ ಪೂಜ್ಯರಾದವರು ಅನೇಕರು. ತುರ್ಕಸ್ಥಾನದ ಉತ್ತರ ತೀರದ ಜೊಂಗುಲ್ದಾಕ್ ಕಲ್ಲಿದ್ದಲು ಗಣಿಗಳ ಕೂಲಿಗಾರರು ತಮ್ಮ ಸಲಕರಣೆಗಳೊಡನೆ ಧಾವಿಸಿ, ನೆಲದೊಳಗೆ ದಾರಿ ಕೊರೆದು, ಮರದ ಆಸರೆ ಕೊಟ್ಟು ಜೀವಗಳನ್ನು ಉಳಿಸಿದರು. ವಾಯುವ್ಯ ಸಿರಿಯಾದಲ್ಲಿ ‘ಬಿಳಿಯ ಶಿರಸ್ತ್ರಾಣ’ದ ಸ್ವಯಂಸೇವಕರು, ಹೊರಗಿನ ನೆರವು ಬಾರದ ಮೊದಲ ದಿನಗಳಲ್ಲಿ, ಬಹುಮಟ್ಟಿಗೆ ತಾವೇ ಅಗೆದರು.

ಇಂತಹವರಿಗೆ ಹಾರ ಪದಕಗಳು ಸಲ್ಲಲಿ. ಆದರೆ ರಕ್ಷಕನ ಕಾರ್ಯವು ಕೆಲವು ದಿನಗಳದು. ಉಳಿದವರ ಬಾಳು ದೀರ್ಘವಾದುದು. ಎರಡು ವರ್ಷಗಳು ಕಳೆದ ಬಳಿಕವೂ ತುರ್ಕಸ್ಥಾನದಲ್ಲಿ ಲಕ್ಷಾಂತರ ಜನರು ತಗಡಿನ ತಾತ್ಕಾಲಿಕ ವಸತಿಗಳಲ್ಲಿಯೇ ಇದ್ದರು. ಮೊದಲ ವಾರದಲ್ಲಿ ಕಂಬಳಿ ಕೊಡುವವರು ಸಾವಿರ ಜನ. ಕಾಲು ಕಳೆದುಕೊಂಡವನಿಗೆ ಕೃತಕಾಂಗವನ್ನೂ, ಅನಾಥ ಶಿಶುವಿಗೆ ವಿದ್ಯೆಯನ್ನೂ ಮೂರನೆಯ ವರ್ಷದಲ್ಲಿ ಕೊಡುವವರು ವಿರಳ.

ಆದುದರಿಂದ ಮಹಾಜನರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಎಲ್ಲಿಯೇ ನೆಲ ನಡುಗಲಿ, ವಂತಿಗೆಯ ಅರ್ಧಭಾಗವನ್ನು ಮುಂದಿನ ವರ್ಷಗಳಿಗೆ ಕಾದಿರಿಸಿರಿ. ಸರಕಾರವೂ ರಕ್ಷಕರನ್ನು ಕಳುಹುವಾಗ ಪುನರ್ವಸತಿಯ ಯೋಜನೆಯನ್ನೂ ಜೊತೆಯಲ್ಲಿ ಕಳುಹಲಿ. ಬದುಕಿಸಿದವರನ್ನು ಬಾಳಿಸುವುದೇ ರಕ್ಷಕರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.