ನನ್ನ ಪಾಲು ನನಗೆ, ಉಳಿದದ್ದು ಮುಂದಕ್ಕೆ

ಶಾಲೆಗೆ ಹೋಗುವ ಮಕ್ಕಳಿರುವ ತಾಯಂದಿರಿಗೆಲ್ಲ ಇದು ಗೊತ್ತಿರುವ ಸಂಗತಿ. ವಿಜ್ಞಾನ ವಸ್ತುಪ್ರದರ್ಶನದ ಚೀಟಿ ಮನೆಗೆ ಬಂತೆಂದರೆ ಥರ್ಮೋಕೋಲ್, ಗೋಂದು, ಬಣ್ಣದ ಕಾಗದ ಹುಡುಕುವ ಕೆಲಸ ಶುರುವಾಗುತ್ತದೆ. ಮಗು ಮಲಗಿದ ಮೇಲೆ ಮಾದರಿ ಮಾಡಿ ಮುಗಿಸುವವಳು ತಾಯಿ. ಬಹುಮಾನ ಬರುವುದು ಮಗುವಿಗೆ!

ಟಿ. ನರಸೀಪುರದಲ್ಲಿರುವ ನನ್ನ ಅಕ್ಕನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಹೀಗೆ ಮಾಡಲಿಲ್ಲ. ಒಂದು ಭಾನುವಾರ ನಂಜನಗೂಡಿನ ನಮ್ಮ ಮನೆಗೆ ಬಂದವಳು, "ಖಾಲಾ, ನಾನು ಸಂಗಮ ಮಾಡ್ತೀನಿ" ಎಂದಳು. ನಂಜನಗೂಡಿನ ಪಕ್ಕದಲ್ಲೇ ಹರಿದು ಹೋಗುವ ಕಪಿಲೆ, ಅವಳ ಊರಿನಲ್ಲಿ ಕಾವೇರಿಯನ್ನು ಸೇರುತ್ತದಲ್ಲವೇ? ಅದನ್ನೇ ಬಣ್ಣದ ದೀಪಗಳಲ್ಲಿ ತೋರಿಸಬೇಕಂತೆ. ಒಂದು ಕಡೆಯಿಂದ ನೀಲಿ ಬೆಳಕು, ಇನ್ನೊಂದು ಕಡೆಯಿಂದ ಹಸಿರು ಬೆಳಕು ಹರಿದು ಬಂದು, ಕೂಡಿದ ಮೇಲೆ ಎರಡೂ ಬೆರೆತ ಬಣ್ಣವಾಗಿ ಮುಂದೆ ಹೋಗಬೇಕು.

"ಆಹಾರದಲ್ಲಿರುವ ಪೋಷಕಾಂಶಗಳ ಚಾರ್ಟ್ ಮಾಡು, ಸುಲಭ" ಎಂದೆ ನಾನು. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವವಳ ಬಾಯಲ್ಲಿ ಬಂದ ಮಾತಿದು! ನನ್ನ ಆಪಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಹುಡುಗಿಯ ಕೈಗೆ ಬೆಸುಗೆ ಹಾಕುವ ಕಡ್ಡಿ ಯಾಕೆ? ಹೊಲಿಗೆ ಕಲೀಲಿ. ಹತ್ತನೇ ತರಗತಿ ಮುಗಿದ ಮೇಲೆ ನನ್ನ ಜೊತೆ ಮೆಷಿನ್‌ಗೆ ಕೂತ್ಕೊಳ್ಳಲಿ." ಆಪಾ ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರಕ್ಕೆ ಹೆಗಲು ಕೊಟ್ಟವರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಹುಡುಗಿ ತಲೆ ತಗ್ಗಿಸಿ ಸುಮ್ಮನಾದಳು. ಆ ಮೌನ ನೋಡಿ ನನ್ನ ಮನಸ್ಸು ಚುಚ್ಚಿತು. ಕೊನೆಗೆ ಅವಳ ಅಬ್ಬಾ ಹಬ್ಬದ ಒಂದು ಜೊತೆ ಬಟ್ಟೆಗಿಂತ ಕಡಿಮೆ ದುಡ್ಡಿನಲ್ಲಿ ಸಾಮಾನು ತಂದುಕೊಟ್ಟರು.

ಆ ಸಾಮಾನಿನಲ್ಲಿ ಏನಿತ್ತು? ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿದ 30 ಪುಟ್ಟ ಎಲ್‌ಇಡಿ ದೀಪಗಳು ಮತ್ತು ಅಂಗೈಯಷ್ಟು ದೊಡ್ಡ ಆರ್ಡುಯಿನೋ ಎಂಬ ಹಲಗೆ. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ವಿದ್ಯಾರ್ಥಿಗಳೂ ಬಳಸಲಿ ಎಂದೇ 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ಈ ಹಲಗೆ ಹುಟ್ಟಿತು. ಕಂಪ್ಯೂಟರಿನಲ್ಲಿ ಬರೆದ ಆಜ್ಞೆಗಳನ್ನು ತಂತಿಯ ಮೂಲಕ ಇದಕ್ಕೆ ಕೊಟ್ಟರೆ ಅದು ನೆನಪಿಟ್ಟುಕೊಂಡು ಪಾಲಿಸುತ್ತದೆ.

ಮೈಸೂರು ಅರಮನೆಯ ದೀಪಾಲಂಕಾರವನ್ನು ನಾವೆಲ್ಲ ನೋಡಿದ್ದೇವೆ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ, ಒಮ್ಮೆಲೇ ಆರುತ್ತವೆ. ಅಲ್ಲಿ ಒಂದೊಂದು ಬಲ್ಬಿಗೆ ಬೇರೆ ಬೇರೆ ಮಾತು ಹೇಳುವಂತಿಲ್ಲ. ಆದರೆ ಈ ಪಟ್ಟಿಯಲ್ಲಿ, "ಏಳನೆಯವನೇ ನೀಲಿಯಾಗು, ಎಂಟನೆಯವನೇ ಆರಿಹೋಗು" ಎಂದು ಪ್ರತಿ ದೀಪಕ್ಕೂ ಪ್ರತ್ಯೇಕವಾಗಿ ಹೇಳಬಹುದು. 30 ದೀಪಕ್ಕೆ 30 ತಂತಿ ಬೇಕೇ? ಬೇಡ. ಮೂರೇ ತಂತಿ ಸಾಕು. ಎರಡು ವಿದ್ಯುತ್ತಿಗೆ, ಒಂದು ಸಂದೇಶಕ್ಕೆ.

ಇದು ಹೇಗೆ ಸಾಧ್ಯ? ನನಗೆ ಅರ್ಥವಾಗಲೆಂದು ಹುಡುಗಿ ಹೇಳಿದ ಹೋಲಿಕೆಯನ್ನೇ ಬರೆಯುತ್ತೇನೆ. ಇಫ್ತಾರ್‌ಗೆ ಸಾಲಾಗಿ ಕುಳಿತಾಗ ಖರ್ಜೂರದ ತಟ್ಟೆಯನ್ನು ಮೊದಲು ಕುಳಿತವರ ಕೈಗೆ ಕೊಡುತ್ತಾರೆ. ಅವರು ತಮ್ಮ ಪಾಲು ತೆಗೆದುಕೊಂಡು ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಕೊನೆಯವರೆಗೂ ಹೀಗೆಯೇ. ದೀಪಗಳೂ ಅಷ್ಟೇ. ಪ್ರತಿ ದೀಪದೊಳಗೂ ಸಾಸಿವೆಗಿಂತ ಚಿಕ್ಕದಾದ ಒಂದು ಚಿಪ್ ಇದೆ. ಮೊದಲ ದೀಪ ತನಗೆ ಬೇಕಾದ 24 ಬಿಟ್ ಸಂದೇಶವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎರಡನೆಯದಕ್ಕೆ ಕಳಿಸುತ್ತದೆ. ಎರಡನೆಯದು ತನ್ನ 24 ಬಿಟ್ ಇಟ್ಟುಕೊಂಡು ಮೂರನೆಯದಕ್ಕೆ. 30 ದೀಪಗಳಿಗೂ ಸಂದೇಶ ತಲುಪಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಆಮೇಲೆ ಒಂದು ಕ್ಷಣದ ಮೌನ. ಆ ಮೌನವೇ "ಇನ್ನು ಬೆಳಗಿ" ಎಂಬ ಸೂಚನೆ.

24 ಬಿಟ್ ಎಂದರೆ ಕೆಂಪು, ಹಸಿರು, ನೀಲಿ ಮೂರಕ್ಕೂ ಎಂಟೆಂಟು. ಪ್ರತಿ ಬಣ್ಣಕ್ಕೆ ಸೊನ್ನೆಯಿಂದ 255ರವರೆಗೆ 256 ಮೆಟ್ಟಿಲು. ಮೂರನ್ನೂ ಬೆರೆಸಿದರೆ 1,67,77,216 ಬಣ್ಣಗಳು! ಇದರಲ್ಲಿ ನೀಲಿ ಎಲ್‌ಇಡಿ ತಯಾರಿಸುವುದೇ ದಶಕಗಳ ಕಾಲ ವಿಜ್ಞಾನಿಗಳಿಗೆ ಕಬ್ಬಿಣದ ಕಡಲೆಯಾಗಿತ್ತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೋ ಮತ್ತು ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಯಂತ್ರಕ್ಕೆ ಮುಂಚಿತವಾಗಿ ಆಜ್ಞೆ ಬರೆದಿಡುವ ಈ ವಿದ್ಯೆ ನಮಗೇನೂ ಹೊಸದಲ್ಲ. ಅಲ್ ಜಝರಿ ಎಂಬ ಕುಶಲಿ 1206ರಲ್ಲಿ ಮುಗಿಸಿದ ಅರಬಿ ಗ್ರಂಥದಲ್ಲಿ ವಾದ್ಯ ನುಡಿಸುವ ಗೊಂಬೆಗಳ ದೋಣಿಯೊಂದರ ವಿವರಣೆಯಿದೆ. ತಿರುಗುವ ಉರುಳೆಯ ಮೇಲಿನ ಮೊಳೆಗಳು ಸನ್ನೆಗಳನ್ನು ಒತ್ತಿದಾಗ ಗೊಂಬೆಗಳು ಡೋಲು ಬಾರಿಸುತ್ತಿದ್ದವು. ಮೊಳೆಗಳ ಜಾಗ ಬದಲಿಸಿದರೆ ತಾಳವನ್ನೂ ಬದಲಿಸಬಹುದಿತ್ತು ಎನ್ನುವ ತಜ್ಞರಿದ್ದಾರೆ. ಇಂಥ ಯಂತ್ರಗಳಿಗೆ ಅರಬಿಯಲ್ಲಿ 'ಹಿಯಲ್' ಎನ್ನುತ್ತಾರೆ, ಅಂದರೆ ಜಾಣ್ಮೆಯ ಉಪಾಯಗಳು. ನಮ್ಮ ಮನೆಮಾತಿನಲ್ಲಿ ಅದೇ ಪದ 'ಹೀಲಾ ಬಹಾನಾ' ಆಗಿ ಬರೀ ನೆಪ ಹೇಳುವುದಕ್ಕೆ ಉಳಿದುಕೊಂಡಿದೆ. ಹುಡುಗಿಗೆ ಚಾರ್ಟ್ ಮಾಡು ಎಂದಾಗ ನಾನು ಹೇಳಿದ್ದೂ ಅಂಥದ್ದೇ ನೆಪ.

ಈಗ ಅವಳ ಲೆಕ್ಕಾಚಾರ ನೋಡಿ. ಪಟ್ಟಿಯನ್ನು ಗುರುತಿದ್ದ ಜಾಗದಲ್ಲೇ ಕತ್ತರಿಸಿ ಹತ್ತು ಹತ್ತು ದೀಪಗಳ ಮೂರು ತುಂಡು ಮಾಡಿದಳು. ಮೊದಲನೆಯದು ಕಪಿಲೆ, ಎರಡನೆಯದು ಕಾವೇರಿ, ಮೂರನೆಯದು ಸಂಗಮದ ನಂತರದ ಹೊಳೆ. ಕಪಿಲೆಯ ಕೊನೆಯಿಂದ ಒಂದು ತಂತಿಯನ್ನು ಹಿಂದಕ್ಕೆ ಎಳೆದು ಕಾವೇರಿಯ ಆರಂಭಕ್ಕೆ, ಕಾವೇರಿಯ ಕೊನೆಯಿಂದ ಮೂರನೆಯ ತುಂಡಿಗೆ ಬೆಸುಗೆ. ಯಂತ್ರದ ಎಣಿಕೆ ಸೊನ್ನೆಯಿಂದ ಶುರು. ಆದ್ದರಿಂದ ಕಪಿಲೆ 0ಯಿಂದ 9, ಕಾವೇರಿ 10ರಿಂದ 19, ಹೊಳೆ 20ರಿಂದ 29. 30 ಎಂಬ ಅಂಕೆಯ ದೀಪವೇ ಇಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಪ್ರೋಗ್ರಾಮ್ ಕೂಡ ಸರಳ. ನಿಯೋಪಿಕ್ಸೆಲ್ ಎಂಬ ಸಿದ್ಧ ಲೈಬ್ರರಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ದೀಪದ ಸಂಖ್ಯೆ, ಕೆಂಪು, ಹಸಿರು, ನೀಲಿ ಎಂದು ನಾಲ್ಕು ಅಂಕಿ ಕೊಡಬೇಕು. 0, 0, 0, 255 ಎಂದರೆ ಮೊದಲ ದೀಪ ಅಚ್ಚ ನೀಲಿ. ಅದರ ಜೊತೆಗೇ 10ನೆಯದಕ್ಕೆ ಹಸಿರು. ಆಮೇಲೆ 'ಶೋ' ಎಂಬ ಆಜ್ಞೆ. ಇದನ್ನು ಮರೆತರೆ ಏನೂ ಬೆಳಗುವುದಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗ ಕಾದು ಎರಡೂ ಸಂಖ್ಯೆಗೆ ಒಂದೊಂದು ಕೂಡಿಸಿ ಮತ್ತೆ ಅದನ್ನೇ ಮಾಡಿದರೆ ಎರಡು ನದಿಗಳೂ ಒಟ್ಟಿಗೆ ಹರಿದಂತೆ ಕಾಣುತ್ತವೆ. ಹತ್ತು ಮುಗಿದ ಮೇಲೆ 20ರಿಂದ 29ರವರೆಗೆ ನೀಲಿ ಹಸಿರು ಬೆರೆತ ಬಣ್ಣ.

ಪ್ರದರ್ಶನದ ಹಿಂದಿನ ರಾತ್ರಿ ನಾನು ಅಲ್ಲೇ ಇದ್ದೆ. ಕಪಿಲೆ ಹರಿಯಿತು, ಕಾವೇರಿ ಹರಿಯಿತು, ಸಂಗಮದಲ್ಲಿ ಕತ್ತಲೆ! ಕೊನೆಯ ಹತ್ತು ದೀಪ ಬೆಳಗಲೇ ಇಲ್ಲ. ಪ್ರೋಗ್ರಾಮನ್ನು ಮೂರು ಸಲ ಓದಿದಳು. ಗಂಟೆ ಹನ್ನೊಂದಾಯಿತು. ಹುಡುಗಿಯ ಕಣ್ಣಲ್ಲಿ ನೀರು. "ಅಮ್ಮಿ ಹೇಳಿದ್ದೇ ಸರಿ" ಎಂದುಬಿಟ್ಟಳು.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಆಪಾ ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಬೆರಳಿನಿಂದ ಸವರುತ್ತ ನೋಡಿದರು. "ಇದರ ಮೇಲೆ ಬಾಣದ ಗುರುತು ಇದೆಯಲ್ಲ, ಅದೇನು?" ಎಂದರು. "ಎರಡು ತುಂಡಿನಲ್ಲಿ ಬಾಣ ಸಂಗಮದ ಕಡೆ ಇದೆ. ಮೂರನೆಯದರಲ್ಲೂ ಸಂಗಮದ ಕಡೆಗೇ ಇದೆ. ಅದು ಆಚೆ ಹೋಗ್ಬೇಕಲ್ವಾ? ಮಖಮಲ್ ಬಟ್ಟೆಗೂ ಒಂದು ದಿಕ್ಕು ಇರುತ್ತೆ ಬೇಟಿ. ಒಂದು ತುಂಡು ತಿರುವಿ ಹೊಲಿದ್ರೆ ಇಡೀ ಬಟ್ಟೆ ಕೆಟ್ಟು ಹೋಗುತ್ತೆ."

ಹೌದು, ಸಂದೇಶ ಬಾಣದ ದಿಕ್ಕಿನಲ್ಲಿ ಮಾತ್ರ ಹೋಗುತ್ತದೆ. ಹುಡುಗಿ ತುಂಡನ್ನು ತಿರುಗಿಸಿದಳು. ಬೆಸುಗೆ ಹಾಕುವಾಗ ತಂತಿಯನ್ನು ಅಲ್ಲಾಡದಂತೆ ಚಿಮುಟದಲ್ಲಿ ಹಿಡಿದುಕೊಂಡವರು ಯಾರು ಗೊತ್ತೇ? ಹುಡುಗಿಯ ಕೈಗೆ ಆ ಕಡ್ಡಿ ಯಾಕೆ ಎಂದಿದ್ದ ಆಪಾ! ಹನ್ನೆರಡು ಗಂಟೆಗೆ ಹೊಳೆ ಹರಿಯಿತು.

ಮಕ್ಕಳಿಗೆ ಇದನ್ನು ಕಲಿಸಬೇಕೆನ್ನುವ ತಾಯಂದಿರಿಗೆ ಕೆಲವು ಮಾತು. ಈ ದೀಪಗಳು 5 ವೋಲ್ಟ್‌ನವು, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಗೋಡೆಯ 230 ವೋಲ್ಟ್ ಕರೆಂಟನ್ನು ಮಕ್ಕಳು ಮುಟ್ಟಕೂಡದು. ಮುಚ್ಚಿದ ಒಳ್ಳೆಯ ಅಡಾಪ್ಟರನ್ನೇ ಬಳಸಿ, ಅದನ್ನು ಬಿಚ್ಚಬೇಡಿ. ಒಂದು ದೀಪ ಪೂರ್ತಿ ಬಿಳಿಯಾಗಿ ಬೆಳಗಿದರೆ ಸುಮಾರು 60 ಮಿಲಿ ಆಂಪಿಯರ್ ಎಳೆಯುತ್ತದೆ. 30ಕ್ಕೆ 1.8 ಆಂಪಿಯರ್ ಆಯಿತು. ಕಂಪ್ಯೂಟರಿನ ಯುಎಸ್‌ಬಿ ಸಾಮಾನ್ಯವಾಗಿ ಕೊಡುವುದು ಅರ್ಧ ಆಂಪಿಯರ್. ಆದ್ದರಿಂದ ಪ್ರಕಾಶವನ್ನು ಪ್ರೋಗ್ರಾಮಿನಲ್ಲೇ ತಗ್ಗಿಸಬೇಕು, ಇಲ್ಲವೇ 5 ವೋಲ್ಟ್, 3 ಆಂಪಿಯರಿನ ಬೇರೆ ಅಡಾಪ್ಟರ್ ಹಾಕಬೇಕು. ಆಗ ಅಡಾಪ್ಟರಿನ ಮೈನಸ್ ತಂತಿಯನ್ನೂ ಹಲಗೆಯ ಗ್ರೌಂಡನ್ನೂ ಜೋಡಿಸಲೇಬೇಕು. ಸಂದೇಶದ ತಂತಿಯಲ್ಲಿ 330 ಓಮ್ ರೆಸಿಸ್ಟರ್ ಇದ್ದರೆ ಮೊದಲ ದೀಪಕ್ಕೆ ರಕ್ಷಣೆ. ಬೆಸುಗೆಯ ಸೀಸದಲ್ಲಿ ವಿಷವಿದೆ, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಸಿ. ಮಧ್ಯದಿಂದ ದೀಪಗಳು ಆರಿದರೆ, ಕೊನೆಯದಾಗಿ ಬೆಳಗಿದ ದೀಪ ಮತ್ತು ಮೊದಲು ಆರಿದ ದೀಪ, ಇವೆರಡರ ನಡುವೆ ನೋಡಿ. ದೋಷ ಹೆಚ್ಚಾಗಿ ಅಲ್ಲೇ ಇರುತ್ತದೆ. ಖರೀದಿಸಲು ಆಗದಿದ್ದರೆ ಟಿಂಕರ್‌ಕ್ಯಾಡ್ ಎಂಬ ಉಚಿತ ತಾಣದಲ್ಲಿ ಆರ್ಡುಯಿನೋ, ದೀಪದ ಪಟ್ಟಿ ಎರಡನ್ನೂ ಪರದೆಯ ಮೇಲೆ ಜೋಡಿಸಿ ಕಲಿಯಬಹುದು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ನಿಮ್ಮ ಮಕ್ಕಳ ಶಾಲೆಯಲ್ಲಿದೆಯೇ ಎಂದು ಕೇಳಿ. ಇದ್ದರೆ ಅದರ ಬೀಗ ತೆರೆಯುತ್ತಿದೆಯೇ ಎಂದೂ ಕೇಳಿ.

ಹುಡುಗಿಗೆ ಬಹುಮಾನ ಬರಲಿಲ್ಲ. ತೀರ್ಪುಗಾರರು ಎರಡು ಪ್ರಶ್ನೆ ಕೇಳಿ ಮುಂದೆ ಹೋದರಂತೆ. ಅವಳಿಗೆ ಸ್ವಲ್ಪ ಬೇಸರವಾಯಿತು, ನಿಜ. ಆದರೆ ಮರುವಾರ ನಾನು ನಂಜನಗೂಡಿಗೆ ಹೊರಟಾಗ ಆಪಾ ಬಸ್ ನಿಲ್ದಾಣದವರೆಗೂ ಬಂದರು. ಬಸ್ ಹತ್ತುವಾಗ ಮೆಲ್ಲನೆ ಕೇಳಿದರು:

"ಪಿಯುಸಿಯಲ್ಲಿ ಸೈನ್ಸ್ ತಗೊಂಡ್ರೆ ಟ್ಯೂಷನ್‌ಗೆ ಎಷ್ಟಾಗುತ್ತೆ? ವಿಚಾರಿಸಿ ಹೇಳ್ತೀಯಾ?"

ವಿಚಾರಿಸುತ್ತಿದ್ದೇನೆ. ಸಹೋದರಿಯರೇ, ನಮಗೆ ಸಿಕ್ಕಿದ್ದು ಸ್ವಲ್ಪವೇ ಇರಬಹುದು. ಅದು ನಮ್ಮಲ್ಲೇ ನಿಂತುಬಿಟ್ಟರೆ ಮುಂದಿನವರಿಗೆಲ್ಲ ಕತ್ತಲೆ. ದಾಟಿಸೋಣ.